ಗೋಡೆಯಲ್ಲಿ ಬಿಟ್ಟ ತೂತು

ಅಕ್ಕಾ,

ಇಲ್ಲಿ ದೇಶದ ಗಡಿಗೇ ಗೋಡೆ ಕಟ್ಟುತ್ತಿದ್ದೇವೆ. ಅದು ಬೇಕೋ ಬೇಡವೋ ಎಂದು ಊಟದ ಹೊತ್ತಿಗೆ ದಿನವೂ ವಾದ. "ಮನೆಗೆ ಬಾಗಿಲು ಹಾಕ್ಕೊಳಲ್ವಾ? ಹಾಗೇ ಇದೂ," ಎನ್ನುತ್ತಾನೆ ಮೇಸ್ತ್ರಿ. ಊರ ಉಸಾಬರಿ ನನಗೇಕೆಂದು ಉಂಡೆದ್ದು ಕೆಲಸಕ್ಕೆ ಹೋಗುತ್ತಿದ್ದೆ.

ಮೇಲೆ ನಿಂತು ಕಟ್ಟಲು ಸಾರುವೆ ಮರ ಸಿಕ್ಕಿಸಲು ಗೋಡೆಯಲ್ಲಿ ತೂತು ಬಿಟ್ಟು, ಕೆಲಸ ಮುಗಿದ ಮೇಲೆ ಮುಚ್ಚುತ್ತೇವಲ್ಲ, ಅಪ್ಪ ಮಾಡುತ್ತಿದ್ದ ಹಾಗೆ. ಕೆಳಸಾಲಿನ ಒಂದು ತೂತಿನ ಹತ್ತಿರ ದಿನಾ ಬೆಳಿಗ್ಗೆ ಒಬ್ಬ ಮುದುಕಿ ಬಂದು ಕೂರುತ್ತಿದ್ದಳು. ಗೋಡೆಯ ಆಚೆಗೇ ಅವಳ ತಂಗಿಯ ಮನೆ. ಇಬ್ಬರೂ ಕೈ ತೂರಿಸಿ, ಬೆರಳು ಹಿಡಿದುಕೊಂಡು, ಮಂಡಿನೋವು, ಸೊಸೆಯರ ಕಾಟ ಎಲ್ಲ ಹೇಳಿಕೊಳ್ಳುತ್ತಿದ್ದರು. ಮರೆತವನಂತೆ ಆ ತೂತನ್ನು ಹತ್ತು ದಿನ ಹಾಗೇ ಬಿಟ್ಟೆ. ನಿನ್ನೆ ಮೇಸ್ತ್ರಿಯ ಕಣ್ಣಿಗೆ ಬಿತ್ತು. ಅವನು ಬೈದ, ಅವನೆದುರಿಗೇ ಮುಚ್ಚಿದೆ.

ಮುದುಕಿ ಅಳಲಿಲ್ಲ, ಶಾಪ ಹಾಕಲೂ ಇಲ್ಲ. "ನಿಂಗೆ ಅಕ್ಕ ತಂಗಿ ಯಾರೂ ಇಲ್ವೇನಪ್ಪಾ?" ಎಂದಳು.

ಹೋದ ಕಾರ್ಡಿನಲ್ಲಿ ಬರೆದಿದ್ದ ಜ್ವರ ಬಿಟ್ಟಿದೆ. ಸಿಮೆಂಟಿಗೆ ಅಂಗೈ ಬಿರಿದು ಬರೆಯುವುದು ಕಷ್ಟ, ಕಾರ್ಡಿನಲ್ಲಿ ಜಾಗವೂ ಮುಗಿಯಿತು. ಆ ಮುದುಕಿಗೆ ಇಲ್ಲ ಎಂದುಬಿಟ್ಟೆ, ಅಕ್ಕಾ.

ನಿನ್ನ ತಮ್ಮ