ಜೆಪ್ಪುವಿನ ಮನೆಯಲ್ಲೊಂದು ಸ್ಟ್ರೆಸ್ ಟೆಸ್ಟ್

ನನ್ನ ಭಟ್ರಿಗೆ, ಒಂದೇ ಮೇಜಿನ ಆಚೆ ಬದಿಯಲ್ಲಿ ಇಷ್ಟು ವರ್ಷ ಕೂತವರಿಗೆ, ಐರಿನ್ ಬರೆಯುವುದು.

ನಾವು ಮಾತಾಡಿದ್ದು ಅರ್ಧ ಕನ್ನಡ, ಜಗಳ ಆಡಿದ್ದು ಪೂರ್ತಿ ತುಳು. ಬರೆಯಲು ಕೂತರೆ ನನಗೆ ಬರುವುದು ಶಾಲೆಯ ಕನ್ನಡ ಮಾತ್ರ. ಕೊಂಕಣಿಯಲ್ಲಿ ಬರೆದರೆ ನಿಮಗೆ ಓದಲಿಕ್ಕೆ ಬರುವುದಿಲ್ಲ. ಕನ್ನಡದಲ್ಲಿ ಬರೆದರೆ ಓದುತ್ತೀರಿ ಎಂದು ಯಾರು ಹೇಳಿದರು ಎಂದು ಕೇಳಬೇಡಿ. ನನಗೆ ತುಂಬ ಸುಸ್ತಾಗಿದೆ ಭಟ್ರೇ, ವಾದ ಮಾಡುವ ತ್ರಾಣ ಇಲ್ಲ.

ಬಂದರಿನ ಮಾಳಿಗೆಯಲ್ಲಿ ಅಂಗಡಿ ಇಟ್ಟ ಹೊಸತರಲ್ಲಿ, ಕೆಳಗಿನ ಗೋಡೌನಿನ ಮೆಣಸಿನ ಘಾಟಿಗೆ ಸೀನುತ್ತಾ ಮೊದಲ ಕಂಪ್ಯೂಟರ್ ಜೋಡಿಸಿದ್ದು ನೆನಪುಂಟಾ? ಪರದೆ ಬೆಳಗಿದ ಕೂಡಲೇ ನಾನು ಪ್ಯಾಕ್ ಮಾಡಲು ಹೊರಟೆ. ನೀವು ಬಿಡಲಿಲ್ಲ. "ಬೆಳಗಿದ್ರೆ ಆಯ್ತಾ? ಸ್ವಲ್ಪ ದಮ್ಮು ಕಟ್ಟಿಸುವ, ನಿಲ್ಲಿ" ಎಂದು ಸ್ಟ್ರೆಸ್ ಟೆಸ್ಟ್ ಹಾಕಿದಿರಿ. ಯಂತ್ರದ ಇದ್ದಬದ್ದ ಶಕ್ತಿಯನ್ನೆಲ್ಲ ಒಟ್ಟಿಗೆ ದುಡಿಸಿ, ಅದು ತಾಳುತ್ತದೋ ನಡುವೆ ಕೈ ಕೊಡುತ್ತದೋ ಎಂದು ಗಂಟೆಗಟ್ಟಲೆ ಕಾಯುವ ಕೆಲಸ ಅದು. ಫ್ಯಾನುಗಳೆಲ್ಲ ಬೊಬ್ಬೆ ಹೊಡೆಯುತ್ತಿದ್ದವು. ನೀವು ಹೆಗಲ ಮೇಲಿನ ಕೆಂಪು ಚೌಕುಳಿಯ ಬೈರಾಸಿನಿಂದ ಮುಖ ಒರೆಸುತ್ತಾ ಅದರ ಮುಂದೆಯೇ ಕೂತಿದ್ದಿರಿ.

ಅಷ್ಟಕ್ಕೂ ನಿಮಗೆ ಸಮಾಧಾನ ಇರಲಿಲ್ಲ. ಗಿರಾಕಿಯ ಮನೆಗೆ ಸ್ಕೂಟರಿನಲ್ಲಿ ಕೊಂಡುಹೋಗಿ, ಅವರು ಇಡುವ ಜಾಗದಲ್ಲೇ ಇಟ್ಟು, ಅಲ್ಲಿ ಇನ್ನೊಮ್ಮೆ ಟೆಸ್ಟ್. ಅದು ಮುಗಿಯುವವರೆಗೆ ಅವರ ಮನೆಯ ಚಾ, ಅವರ ಮನೆಯ ಸುದ್ದಿ. "ಪುಕ್ಕಟೆ ಚಾ ಕುಡಿಯಲಿಕ್ಕೆ ಒಂದು ನೆವ ನಿಮ್ಮದು" ಎಂದು ನಾನು ಬೈಯುತ್ತಿದ್ದೆ. "ಮೆಷಿನ್ ಬದುಕುವುದು ನಮ್ಮ ಮೇಜಿನ ಮೇಲಲ್ಲ ಮಾರಾಯ್ತಿ" ಎನ್ನುತ್ತಿದ್ದಿರಿ. ನೀವು ಹೋದ ಮೇಲೆ ನಾನು ಯಾರ ಮನೆಗೂ ಹೋಗಲಿಲ್ಲ. ಮಂಡಿನೋವು ಎಂದು ಹೇಳಿಕೊಂಡೆ. ಮೇಜಿನ ಮೇಲೆ ತಾಳಿದರೆ ಸಾಕು, ಪ್ಯಾಕ್.

ನಿಮ್ಮ ಮಗಳು ವೈದೇಹಿ ಮಳೆಗಾಲ ಕಳೆದ ಮೇಲೆ ಒಂದು ದಿನ ಮೆಟ್ಟಿಲು ಹತ್ತಿ ಬಂದಳು. ಮನೆಗಳ ನಕ್ಷೆ, ಚಿತ್ರ ಎಲ್ಲ ಮಾಡಿಕೊಡುವ ಕೆಲಸವನ್ನು ಸ್ವಂತವಾಗಿ ಶುರು ಮಾಡಿದ್ದಾಳೆ. ನೀವು ಜೋಡಿಸಿಕೊಟ್ಟ ಹಳೆಯ ಕಂಪ್ಯೂಟರಿಗೆ ಅಷ್ಟು ಭಾರ ಎಳೆಯಲಿಕ್ಕಾಗುವುದಿಲ್ಲ. "ಹೊಸತು ಬೇಕು ಆಂಟಿ. ಅಪ್ಪನ ಅಂಗಡಿಯದ್ದೇ ಆಗಬೇಕು" ಎಂದಳು. ಆಗ ನಾನು ಕಟ್ಟಡದ ಧಣಿಗೆ ಅಂಗಡಿ ಬಿಡುತ್ತೇನೆ ಎಂದು ಹೇಳಿ ಆಗಿತ್ತು. ಈಗ ಎಲ್ಲರೂ ಆನ್‌ಲೈನಿನಲ್ಲಿ ತರಿಸುವವರೇ, ನನ್ನ ಹತ್ತಿರ ಬರುವುದು ಚಾರ್ಜರಿನ ಬಾಯಿ ಸಡಿಲಾದವರು. ಆದರೂ ಅವಳ ಮುಂದೆ ಇಲ್ಲ ಎನ್ನಲಾಗಲಿಲ್ಲ. ಮನಸ್ಸಿನಲ್ಲೇ ಒಂದು ಮಾತು ಹಾಕಿಕೊಂಡೆ: ಇದೊಂದು ಸರಿಯಾಗಿ ತಾಳಿದರೆ ಅಂಗಡಿ ಇರಲಿ, ತಾಳದಿದ್ದರೆ ಶಟರ್ ಎಳೆಯುವುದೇ.

ತಾಳಲಿಲ್ಲ ಭಟ್ರೇ.

ಬೈಕಂಪಾಡಿಯ ಕಡೆಯವರೊಬ್ಬರು ಹೊಸ ಮನೆ ಕಟ್ಟಿಸುವವರು, ಅವಳ ಮೊದಲ ಗಿರಾಕಿ. ಅವರು ಜೆಪ್ಪುವಿನ ನಿಮ್ಮ ಮನೆಗೇ ಬಂದು ಕೂತು, ಇವಳು ಪರದೆಯಲ್ಲಿ ಅವರನ್ನು ಚಾವಡಿಯಿಂದ ಅಡುಗೆಮನೆಗೆ ಕರೆದುಕೊಂಡು ಹೋಗುತ್ತಿರುವಾಗ ಟಪ್ಪೆಂದು ಆಫ್ ಆಯಿತಂತೆ. ಮತ್ತೆ ಹಾಕಿದರೆ ಮತ್ತೆ ಆಫ್. ಆಟೋದಲ್ಲಿ ಹೊತ್ತು ತಂದಳು. ಬಂದರಿನ ಮೇಜಿನ ಮೇಲೆ ಇಡೀ ದಿನ ಟೆಸ್ಟ್ ಹಾಕಿದೆ, ಅಲ್ಲಾಡಲಿಲ್ಲ. ಕಳಿಸಿದೆ. ಅಲ್ಲಿ ಮತ್ತೆ ಅದೇ ಕಥೆ. ಮೆಮೊರಿ ಬದಲಿಸಿದೆ, ಪವರ್ ಸಪ್ಲೈ ಬದಲಿಸಿದೆ. ನನ್ನ ಎದುರಿಗೆ ಸಾಧು, ಜೆಪ್ಪುವಿಗೆ ಹೋದರೆ ಶುರು. ಕೊನೆಗೆ ವೈದೇಹಿ ತುಂಬ ಮೆತ್ತಗೆ ಹೇಳಿದಳು, "ಆಗುವುದಿಲ್ಲಾಂದ್ರೆ ಹೇಳಿ ಆಂಟಿ, ನಾನು ಬೇರೆ ಕಡೆಯಿಂದ ತರಿಸ್ತೇನೆ. ನಿಮಗೆ ಬೇಜಾರು ಬೇಡ. ಸೋಮವಾರ ಅವರು ಇನ್ನೊಮ್ಮೆ ನೋಡಲಿಕ್ಕೆ ಬರ್ತಾರೆ." ಗದರಿಸಿದ್ದರೆ ತಿರುಗಿ ಗದರಿಸಬಹುದಿತ್ತು. ಅವಳು ಹೋದ ಮೇಲೆ ನಿಮ್ಮ ಖಾಲಿ ಕುರ್ಚಿ ನೋಡಿ ನನಗೆ ಸಿಟ್ಟು ಬಂತು. ಇಂಥ ಹೊತ್ತಿಗೆ ಬಿಟ್ಟು ಹೋಗುವುದಾ?

ಮೆಷಿನ್ ಬದುಕುವುದು ನಮ್ಮ ಮೇಜಿನ ಮೇಲಲ್ಲ ಎಂಬ ನಿಮ್ಮ ಮಾತು ಆಮೇಲೆ ಕಿವಿಯಲ್ಲಿ ಕೂತಿತು. ನಿಮ್ಮ ಉತ್ತರಕ್ರಿಯೆಯ ಊಟದ ನಂತರ ನಾನು ಆ ಮನೆಗೆ ಹೋಗಿರಲಿಲ್ಲ. ನಿಜವಾಗಿ ಮಂಡಿನೋವು ಅಲ್ಲ. ಜಗಲಿಯಲ್ಲಿ ನಿಮ್ಮ ಚಪ್ಪಲಿ ಇರುವುದಿಲ್ಲ, ಒಳಗಿಂದ ನನ್ನನ್ನು "ಬನ್ನಿ ಬಾಯಿ" ಎಂದು ಕರೆಯುವ ನಿಮ್ಮ ಸ್ವರ ಇರುವುದಿಲ್ಲ... ಹೇಗೆ ಹೋಗುವುದು? ಆದರೆ ಇವತ್ತು ಬೆಳಿಗ್ಗೆ ಹೋದೆ. ನಿಮ್ಮ ಹೆಂಡತಿ ಸುಮತಿ ಅಕ್ಕ ಬಾಗಿಲು ತೆರೆದು ನನ್ನ ಕೈ ಹಿಡಿದುಕೊಂಡು, "ಈಗ ದಾರಿ ಗೊತ್ತಾಯ್ತಾ ಐರಿನ್?" ಎಂದರು. ನಾನು ಟೆಸ್ಟ್ ಎಂದೆ. ಅವರು ಚಾ ಇಟ್ಟರು.

ಅಲ್ಲೇ, ಕಿಟಕಿಯ ಪಕ್ಕದ ಮಣೆಯ ಮೇಲೆ ಇದ್ದ ಹಾಗೆಯೇ ಟೆಸ್ಟ್ ಹಾಕಿದೆ. ಚಾ ಆರುವ ಮೊದಲೇ ಆಫ್ ಆಯಿತು. ಬದಿಗೆ ಕೈ ಇಟ್ಟೆ, ಅಷ್ಟೇನೂ ಬಿಸಿ ಇಲ್ಲ. ಅಡಿಗೆ ಕೈ ಹಾಕಿದರೆ ಇಸ್ತ್ರಿಪೆಟ್ಟಿಗೆ ಮುಟ್ಟಿದ ಹಾಗೆ ಆಯಿತು. ಅಲ್ಲಿ ಏನೋ ಬಟ್ಟೆ, ಮಡಚಿ ಮಡಚಿ ದಪ್ಪ ಮಾಡಿ ಇಟ್ಟದ್ದು. ಎಳೆದು ತೆಗೆದೆ. ನಿಮ್ಮ ಬೈರಾಸು.

ತೊಳೆದು, ಗಂಜಿ ಹಾಕಿ, ಮಡಚಿ ಇಟ್ಟಿದ್ದರು. "ಅವರು ಯಾವ ಕಂಪ್ಯೂಟರ್ ತಂದ್ರೂ ಮೊದಲು ಬೈರಾಸು ಹಾಸಿಯೇ ಇಡ್ತಿದ್ದದ್ದಲ್ವಾ? ಹಳೆಯದ್ದು ಇಷ್ಟು ವರ್ಷ ಅದರ ಮೇಲೆಯೇ ಇತ್ತು, ಎಂತ ಆಗ್ಲಿಲ್ಲ" ಎಂದರು ಸುಮತಿ ಅಕ್ಕ. ಬೈರಾಸಿನ ಅಂಚು ಸವರುತ್ತಾ, "ಅವರದ್ದು ಅಡಿಯಲ್ಲಿದ್ರೆ ಕೆಡುವುದಿಲ್ಲಾಂತ..." ಎಂದು ಅಲ್ಲಿಗೇ ನಿಲ್ಲಿಸಿದರು.

ಏನು ಹೇಳಲಿ ನಾನು? ಹಳೆಯ ಪೆಟ್ಟಿಗೆಯಲ್ಲಿ ಪವರ್ ಸಪ್ಲೈ ಮೇಲೆ ಇತ್ತು, ಹೊಸತರಲ್ಲಿ ಅಡಿಯಲ್ಲಿದೆ, ನೆಲದ ಕಡೆಯಿಂದಲೇ ಗಾಳಿ ಎಳೆಯುತ್ತದೆ, ನಿಮ್ಮ ಗಂಡನ ಬೈರಾಸು ಅದರ ಮೂಗು ಮುಚ್ಚಿತು ಎನ್ನಲಾ? ವೈದೇಹಿಗೆ ಅರ್ಥವಾಯಿತು. ಅವಳು ಅಮ್ಮನ ಮುಖ ನೋಡಿ ತುಟಿ ಬಿಗಿ ಹಿಡಿದಳು. ನಾನು ಬೈರಾಸನ್ನು ಕೊಡವಿ ಹೇಳಿದೆ, "ಅಕ್ಕಾ, ಭಟ್ರನ್ನು ನೆಲದಲ್ಲಿ ಕೂರಿಸುವುದು ಎಂತಕ್ಕೆ? ಅವರು ಮೆಷಿನಿನ ಎದುರು ಕುರ್ಚಿಯಲ್ಲಿ ಕೂತು ಅಭ್ಯಾಸ ಅಲ್ವಾ." ಅದನ್ನು ಕುರ್ಚಿಯ ಬೆನ್ನಿಗೆ ಹಾಸಿದೆ. ಸುಮತಿ ಅಕ್ಕ ಅದನ್ನು ನೋಡಿದರು, ನನ್ನನ್ನು ನೋಡಿದರು. ಹತ್ತಿರ ಬಂದು ಒಂದು ಮೂಲೆ ಸುಕ್ಕಾಗಿದ್ದದ್ದನ್ನು ಎಳೆದು ಸರಿ ಮಾಡಿದರು. ಅವರಿಗೂ ಅರ್ಥವಾಗಿರಬೇಕು.

ಮತ್ತೆ ಟೆಸ್ಟ್ ಹಾಕಿದೆ. ಮಧ್ಯಾಹ್ನದ ಸೆಕೆ, ಎಸಿ ಇಲ್ಲದ ಕೋಣೆ, ಫ್ಯಾನುಗಳ ಅದೇ ಬೊಬ್ಬೆ. ಊಟಕ್ಕೆ ಎಬ್ಬಿಸಿದರು, ಬಸಳೆ ಹುಳಿ ಮಾಡಿದ್ದರು. ಉಂಡು ಬಂದೆ, ನಡೆಯುತ್ತಿತ್ತು. ಕೂತಲ್ಲೇ ತೂಕಡಿಸಿ ಎದ್ದೆ, ನಡೆಯುತ್ತಿತ್ತು. ಸುಮತಿ ಅಕ್ಕ ಪಕ್ಕದಲ್ಲಿ ಕೂತು ನಿಮ್ಮ ಮೇಲಿನ ದೂರುಗಳನ್ನೆಲ್ಲ ಹೇಳಿದರು: ಬಟ್ಟೆಯೆಲ್ಲ ಮೆಣಸಿನ ಘಾಟು, ಹಬ್ಬದ ದಿನವೂ ಗಿರಾಕಿಯ ಮನೆ. ನನ್ನ ದೂರುಗಳನ್ನೂ ಸೇರಿಸಿದೆ. ಇಬ್ಬರೂ ನಕ್ಕೆವು, ಆಮೇಲೆ ಇಬ್ಬರೂ ಅತ್ತೆವು. ನೀವು ಬಿಟ್ಟುಹೋದದ್ದಕ್ಕೆ ನಾನು ಅಷ್ಟು ಜೋರಾಗಿ ಅತ್ತದ್ದು ಇವತ್ತೇ.

ಸಂಜೆಯವರೆಗೂ ತಾಳಿತು ಭಟ್ರೇ. ವೈದೇಹಿ ನಿಮ್ಮ ಬೈರಾಸಿಗೆ ಒರಗಿ ಕೂತು ಆ ಮನೆಯ ಚಿತ್ರ ಪೂರ್ತಿ ಮಾಡಿ ತೋರಿಸಿದಳು. ಸೋಮವಾರಕ್ಕೆ ತಯಾರು. ಜಗಲಿಯಿಂದಲೇ ಧಣಿಗೆ ಫೋನ್ ಮಾಡಿ, ಅಂಗಡಿ ಈಗ ಬಿಡುವುದಿಲ್ಲ ಎಂದೆ. ಅವರು ಬೈದರು. ಬೈಯಲಿ. ಇನ್ನು ಮುಂದೆ ಪ್ರತಿ ಮೆಷಿನಿನ ಜೊತೆ ನಾನೇ ಮನೆಗೆ ಹೋಗುತ್ತೇನೆ, ಮಂಡಿನೋವು ಇದ್ದರೆ ಇರಲಿ.

ಚಪ್ಪಲಿ ಹಾಕಿಕೊಳ್ಳುವಾಗ ಸುಮತಿ ಅಕ್ಕ ಬಾಗಿಲ ಹತ್ತಿರ ನಿಂತು ಕೇಳಿದರು, "ಐರಿನ್, ನಾಳೆಯೂ ಟೆಸ್ಟ್ ಉಂಟಾ?"

ಎಲ್ಲ ಮುಗಿದಿತ್ತು, ಏನೂ ಬಾಕಿ ಇರಲಿಲ್ಲ. "ಉಂಟು ಅಕ್ಕ" ಎಂದೆ.