ಮೀಸೆಯ ಹತ್ತಿರ ನಿಲ್ಲುವ ಮೆಷಿನ್

ಮಾವ,

ಕ್ಲಾಸಿಗೆ ಹೊರಟೆ. ನೀವು ಮಲಗಿದ್ದಿರಿ, ಎಬ್ಬಿಸಲು ಮನಸ್ಸಾಗಲಿಲ್ಲ.

ಬಸ್ ಡ್ರೈವರಣ್ಣನ ಮುಖ ಕೆತ್ತುವಾಗ ಲೇಸರ್ ಮೆಷಿನ್ ಸರಿಯಾಗಿ ಮೀಸೆಯ ಹತ್ತಿರವೇ "ಮೆಮೊರಿ ಸಾಲದು" ಎಂದು ನಿಲ್ಲುತ್ತಿತ್ತಲ್ಲ, ಕಾರಣ ಸಿಕ್ಕಿರಬೇಕು. "ಅಷ್ಟು ದಪ್ಪ ಮೀಸೆ ಕಣಮ್ಮಾ, ಮೆಷಿನ್ನಾದ್ರೂ ಏನ್ ಮಾಡುತ್ತೆ" ಎಂದು ನೀವು ನಕ್ಕಿರಿ. ನನಗೇಕೋ ಸಮಾಧಾನವಾಗಲಿಲ್ಲ. ಕಂಪ್ಯೂಟರಿನಲ್ಲಿ ಸುತ್ತಲಿನ ಜಾಗವೆಲ್ಲ ಕಾಣುವಂತೆ ಜೂಮ್ ಕಡಿಮೆ ಮಾಡುತ್ತ ಹೋದೆ. ನೋಡಿದರೆ, ಚೌಕಟ್ಟಿನ ಆಚೆ ಹಳೆಯ ನಾಮಫಲಕಗಳೆಲ್ಲ ಸಾಲಾಗಿ ಕೂತಿವೆ! ನೀವು ಒಂದನ್ನೂ ಅಳಿಸದೆ ಪಕ್ಕಕ್ಕೆ ಎಳೆದಿಟ್ಟಿದ್ದೀರಿ. ಮೆಷಿನ್ ಅವನ್ನೂ ಹೊತ್ತುಕೊಂಡು ಏದುಸಿರು ಬಿಡುತ್ತಿತ್ತೇನೋ. ಬೈಯುತ್ತಿಲ್ಲ ಮಾವ, ಖಾಲಿ ಡಬ್ಬಿ ಬಿಸಾಡಲು ನನಗೂ ಕೈ ಬರುವುದಿಲ್ಲ.

ಅವನ್ನೆಲ್ಲ ಬೇರೆ ಫೈಲಿಗೆ ಹಾಕಿದ್ದೇನೆ, ಒಂದೂ ಕಳೆದಿಲ್ಲ. ರಟ್ಟಿನ ಮೇಲೆ ಓಡಿಸಿದಾಗ ಪೂರ್ತಿ ಮುಖ ಬಂತು. ಆದರೆ ಗಾಬರಿಯಲ್ಲಿ ರೆಸಲ್ಯೂಷನ್ನನ್ನೂ, ಅಂದರೆ ಕೆತ್ತನೆಯ ನಯವನ್ನೂ, ಇಳಿಸಿಬಿಟ್ಟಿದ್ದೆ. ಯಾವುದರಿಂದ ಸರಿಹೋಯಿತೋ ಹೇಳಲಾರೆ. ಈಗ ರೆಸಲ್ಯೂಷನ್ನನ್ನು ಮೊದಲಿನಂತೆಯೇ ಇಟ್ಟಿದ್ದೇನೆ.

ಉಳಿದಿರುವುದು ಒಂದೇ ಮರದ ಹಲಗೆ, ನಾಳೆ ಬೆಳಿಗ್ಗೆಯೇ ಡ್ರೈವರಣ್ಣನ ಬೀಳ್ಕೊಡುಗೆ. ಹಾಗಾಗಿ ಮೊದಲು ಇನ್ನೊಂದು ರಟ್ಟಿನ ಮೇಲೆ ಓಡಿಸಿ. ನಿಲ್ಲದಿದ್ದರೆ ಮಾತ್ರ ಹಲಗೆ ಇಡಿ. ಮುಚ್ಚಳ ಹಾಕಿರಿ, ಹೊಗೆಯ ಫ್ಯಾನ್ ಓಡುತ್ತಿರಲಿ, ಮುಗಿಯುವವರೆಗೆ ಅಲ್ಲಿಂದ ಏಳಬೇಡಿ.

ನಿಂತರೆ ರೆಸಲ್ಯೂಷನ್ ಇಳಿಸಿ. ಮುಖ ಸ್ವಲ್ಪ ಒರಟಾದರೂ ಅವರ ಮನೆಯವರಿಗೆ ಗುರುತು ಸಿಗುತ್ತದೆ.

ಯಾವುದಾದರೂ ಸರಿ, ಫೋನ್ ಮಾಡಿ. ಪಾಠ ನಡೆಯುತ್ತಿದ್ದರೂ ಎದ್ದು ಹೊರಗೆ ಬರುತ್ತೇನೆ. ತಿಳಿಯದೆ ಸುಮ್ಮನೆ ಕೂರುವುದು ನನ್ನಿಂದಾಗದು.