ಅಕ್ಕನ ಕೈಗುಣ

ದಾವಣಗೆರೆ
೧೦-೧-೧೯೬೨

ಹರಿಹರದ ಅಕ್ಕ ಮರುಳಸಿದ್ದಮ್ಮನವರಿಗೆ ಗುರುಶಾಂತಮ್ಮನ ಶರಣು.

ನೀವು ಹೇಳಿ ಕಳಿಸಿದ ಮಾತು ಮುಟ್ಟಿತು. ತಮ್ಮನನ್ನು ಒಂದು ತಿಂಗಳು ನಿಮ್ಮಲ್ಲಿಗೆ ಕಳಿಸಬೇಕಂತೆ, ಅವರ ಉಬ್ಬಸವನ್ನು ನೀವು ಬುಡಸಮೇತ ಕಿತ್ತುಹಾಕುತ್ತೀರಂತೆ. ನಿಮ್ಮ ತಮ್ಮ ಆಗಲೇ ಟ್ರಂಕು ತುಂಬಿ ಬಾಗಿಲಿಗೆ ತಂದಿಟ್ಟಿದ್ದಾರೆ. ಶುಕ್ರವಾರದ ರೈಲಿಗೆ ಇವತ್ತೇ ಸಡಗರ. ನನ್ನ ತವರಿಗೆ ಕರೆದರೆ ಮಾತ್ರ ಹತ್ತಿ ಮಂಡಿಯಲ್ಲಿ ರಜೆ ಸಿಗುವುದಿಲ್ಲ.

ಹೊಟ್ಟೆಕಿಚ್ಚು ಅನ್ನುತ್ತೀರೇನೋ. ಹೌದು, ಹೊಟ್ಟೆಕಿಚ್ಚೇ. ಉಬ್ಬಸ ಬಂದಾಗ ಬೆನ್ನು ನೀವುವವಳು ನಾನು. ಉಸಿರು ಸಲೀಸಾದ ಕೂಡಲೇ ನಿಮ್ಮ ಲೇಹ್ಯದ ಬರಣಿ ತಟ್ಟಿ, "ನಮ್ಮಕ್ಕನ ಕೈಗುಣ ನೋಡು" ಅನ್ನುತ್ತಾರೆ. ಮನೆಗೆ ಬಂದವರಿಗೆಲ್ಲ ಅದೇ ಪುರಾಣ. ಆಡುಸೋಗೆ, ಹಿಪ್ಪಲಿ, ಜೇನುತುಪ್ಪ ಲೋಕದಲ್ಲಿ ಬೇರೆ ಯಾರಿಗೂ ಗೊತ್ತೇ ಇಲ್ಲವೇನೋ ಎಂಬಂತೆ.

ಈಗ ನಿಜ ಹೇಳುತ್ತೇನೆ, ಕೂತು ಓದಿ. ಶ್ರಾವಣದಲ್ಲಿ ಪಿ.ಜೆ. ಬಡಾವಣೆಯ ಡಾಕ್ಟರು ಮಾತ್ರೆ ಕೊಟ್ಟಿದ್ದರು. ಒಂದು ನುಂಗಿದ್ದಕ್ಕೇ ಎದೆ ಡವಗುಟ್ಟಿತೆಂದು ನಿಮ್ಮ ತಮ್ಮ, "ಇಂಗ್ಲಿಷ್ ಔಷಧಿ ನಮ್ಮಕ್ಕ ಬ್ಯಾಡ ಅಂದಾಳೆ, ನಂಗೂ ಬ್ಯಾಡ" ಎಂದು ಉಳಿದದ್ದನ್ನು ಕಿಟಕಿಯಾಚೆ ಎಸೆದರು. ನಾನೇ ಹೋಗಿ ಡಾಕ್ಟರನ್ನು ಕೇಳಿದೆ. "ಲೇಹ್ಯ ಬಿಡಿಸಬ್ಯಾಡಮ್ಮ, ಮಾತ್ರೆನೂ ತಪ್ಪಿಸಬ್ಯಾಡ, ಅರ್ಧರ್ಧ ಕೊಡು" ಎಂದರು. ಅಂದಿನಿಂದ ಅರ್ಧ ಮಾತ್ರೆ ಪುಡಿ ಮಾಡಿ ಚಮಚದ ಲೇಹ್ಯದಲ್ಲಿ ಕಲಸಿ ಕೊಡುತ್ತಿದ್ದೇನೆ. ನಿಮ್ಮ ತಮ್ಮನಿಗೆ ಇದು ಗೊತ್ತಿಲ್ಲ.

ನಿಮಗೂ ಹೇಳದೆ ಸುಮ್ಮನಿರೋಣ ಅನ್ನಿಸಿತ್ತು. ಬರೀ ಲೇಹ್ಯ ತಿಂದು ಕೆಮ್ಮಲಿ, ಕೈಗುಣ ಯಾರದೆಂದು ಎಲ್ಲರಿಗೂ ಗೊತ್ತಾಗಲಿ ಎಂದು. ಆದರೆ ಮೊನ್ನೆ ಆವರಗೆರೆಯ ಮದುವೆಗೆ ಹೋದಾಗ ಮಾತ್ರೆ ಮರೆತು ಲೇಹ್ಯ ಮಾತ್ರ ಒಯ್ದಿದ್ದೆ. ಹಂದರದ ಕಂಬ ಹಿಡಿದು ಕೂತವರ ತುಟಿ ನೀಲಿಗಟ್ಟಿತು. ಗಾಡಿ ಕಟ್ಟಿಸಿ ಆಸ್ಪತ್ರೆಗೆ ತಂದು ಇಂಜೆಕ್ಷನ್ ಕೊಡಿಸಿದ ಮೇಲೆಯೇ ಉಸಿರು ತಿರುಗಿದ್ದು. ಅದನ್ನು ಕಂಡ ಮೇಲೆ ನನಗೆ ಈ ಹಟ ಬೇಡವಾಯಿತು.

ನಮ್ಮ ಪಕ್ಕದ ಮನೆಯ ಚಾಂದ್ ಪಾಷಾ ಸಂತೆಗೆ ಹರಿಹರಕ್ಕೆ ಬರುತ್ತಿದ್ದಾರೆ. ಈ ಪತ್ರದ ಜೊತೆ ಮಾತ್ರೆಯ ಪೊಟ್ಟಣವನ್ನೂ ಅವರ ಕೈಯಲ್ಲಿ ಕಳಿಸಿದ್ದೇನೆ. ಬೆಳಿಗ್ಗೆ ಅರ್ಧ, ಸಂಜೆ ಅರ್ಧ, ಹೆಚ್ಚು ಬೇಡ. ಉಬ್ಬಸ ಜೋರಾದರೆ ಲೇಹ್ಯ ನೆಕ್ಕಿಸುತ್ತ ಕೂರದೆ ಆಸ್ಪತ್ರೆಗೆ ಕರೆದೊಯ್ಯಿರಿ. ಅವರಿಗೆ ಏನೂ ಹೇಳಬೇಡಿ. ನಿಮ್ಮ ಕೈಗುಣವೆಂದೇ ಇರಲಿ, ಉಸಿರು ನಡೆದರೆ ನನಗೆ ಸಾಕು.

ನಿಮ್ಮ ತಮ್ಮನ ಹೆಂಡತಿ,
ಗುರುಶಾಂತಮ್ಮ

ತಾ.ಕ.: ನಿಮ್ಮ ಲೇಹ್ಯ ಬಾಯಿಗಿಟ್ಟು, "ಯಾಕ, ರುಚಿ ಬ್ಯಾರೆ ಆಗೈತಲ್ಲ" ಅಂದರೆ ನೊಂದುಕೊಳ್ಳಬೇಡಿ. ನೀವು ಕೊಟ್ಟದ್ದು ದಸರೆಗೇ ಮುಗಿಯಿತು. ಆಮೇಲೆ ನಿಮ್ಮ ಬರಣಿಯಲ್ಲಿದ್ದದ್ದು ಆನೆಕೊಂಡದ ಬೇಲಿಯಿಂದ ಸೊಪ್ಪು ತಂದು ನಾನು ಕಾಯಿಸಿದ್ದು. ನಾನು ಒಂದು ಚಿಟಿಕೆ ಏಲಕ್ಕಿ ಹೆಚ್ಚು ಹಾಕುತ್ತೇನೆ. ನೀವೂ ಹಾಕಿ.